ಎಷ್ಟು ವಾರದ ಮರಿ ಎಂದು ಕೇಳಿ ಕೊಳ್ಳಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯುವ ಹೊತ್ತಿಗೆ ಉಡುಪಿ ಸುತ್ತಮುತ್ತಲಿನ ಸಂತೆಗಳಲ್ಲಿ ಕೋಳಿ ಮರಿಗಳ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಮುಂಬೈಯಿಂದಲೋ ಕೊಲ್ಲಿಯಿಂದಲೋ ಊರಿಗೆ ಮರಳಿದವರು, ನಿವೃತ್ತರಾದವರು ‘ಹಿತ್ತಲಿನಲ್ಲಿ ನಾಲ್ಕು ಕೋಳಿಯಾದರೂ ಇರಲಿ’ ಎಂದು ಹೊರಡುವುದೂ ಇದೇ ಸಮಯದಲ್ಲಿ. ಅವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ತಳಿ. ಮರಿ ಎಷ್ಟು ವಾರದ್ದು ಎಂದು ಕೇಳುವವರು ಅಪರೂಪ. ಸರಿಯಾಗಿ ಹೇಳುವ ವ್ಯಾಪಾರಿ ಇನ್ನೂ ಅಪರೂಪ. ಊರ ಕೋಳಿಗಳನ್ನೂ ಗಿರಿರಾಜ ತಳಿಯ ಕೋಳಿಗಳನ್ನೂ ಬಹುಕಾಲದಿಂದ ಸಾಕುತ್ತಿರುವ ನನ್ನ ಅಭಿಪ್ರಾಯ ಇಷ್ಟು: ಕರಾವಳಿಯಲ್ಲಿ ಹೊಸದಾಗಿ ಕೋಳಿ ಸಾಕುವವರು ಆರರಿಂದ ಎಂಟು ವಾರದ ಮರಿಗಳನ್ನೇ ಕೊಳ್ಳಬೇಕು. ಅದಕ್ಕಿಂತ ಎಳೆಯದೂ ಬೇಡ, ಬಲಿತದ್ದೂ ಬೇಡ.

ಒಂದು ದಿನದ ಮರಿ ಅಗ್ಗ, ನಿಜ. ಆದರೆ ಮೊದಲ ವಾರ ಅದಕ್ಕೆ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಮೈತುಂಬ ಗರಿ ಮೂಡಲು ಐದಾರು ವಾರ ಹಿಡಿಯುತ್ತದೆ. ಹಿಂದೆ ರಟ್ಟಿನ ಪೆಟ್ಟಿಗೆಯೊಳಗೆ 60 ವ್ಯಾಟಿನ ಹಳೆಯ ಬಲ್ಬ್ ಇಳಿಬಿಟ್ಟರೆ ಕೆಲಸ ನಡೆಯುತ್ತಿತ್ತು. ಈಗ ಮನೆಮನೆಯಲ್ಲೂ ಎಲ್‌ಇಡಿ. ಅದರ ಬೆಳಕಿನಲ್ಲಿ ಮರಿಗೆ ಬೇಕಾದ ಕಾವು ಇಲ್ಲ. ಪೆಟ್ಟಿಗೆಯೊಳಗೆ ಹಗಲಿನಂತೆ ಬೆಳಕಿದ್ದರೂ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು, ಅಡಿಯಲ್ಲಿದ್ದವು ಉಸಿರುಗಟ್ಟಿ ಸತ್ತದ್ದನ್ನು ನೆರೆಮನೆಯಲ್ಲಿ ಕಂಡಿದ್ದೇನೆ. ಬಿಸಿ ಸಾಕಷ್ಟಿದ್ದರೆ ಮರಿಗಳು ಪೆಟ್ಟಿಗೆಯ ತುಂಬ ಹರಡಿ ಮಲಗುತ್ತವೆ. ಹೆಚ್ಚಾದರೆ ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುಸಿರು ಬಿಡುತ್ತವೆ. ಇನ್ನು, ಸರಿಯಾದ ಬಲ್ಬೇ ಇದ್ದರೂ ಆಟಿ ತಿಂಗಳ ಗಾಳಿಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಆ ರಾತ್ರಿಗೆ ಕರೆಂಟಿನ ಆಸೆ ಬಿಡಬೇಕು.

ತೇವದ ಕಾಟ ಬೇರೆ. ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ನಮ್ಮ ಮಳೆಯಲ್ಲಿ, ಹಾಸಿದ ಭತ್ತದ ಹೊಟ್ಟು ನೋಡುನೋಡುತ್ತಲೇ ಮುದ್ದೆಯಾಗುತ್ತದೆ. ಒದ್ದೆ ಹಾಸಿನಲ್ಲಿ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ ಹಬ್ಬುತ್ತದೆ. ಮೂರರಿಂದ ಆರು ವಾರದ ಮರಿಗಳಿಗೇ ಅದು ಹೆಚ್ಚಾಗಿ ಬಡಿಯುವುದು. ಲಸಿಕೆಯ ವಿಚಾರ ಇನ್ನೂ ಫಜೀತಿ. ಕೋಳಿಗಳನ್ನು ಕೊಲ್ಲುವ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎರಡು ತಿಂಗಳಾಗುವಾಗ ಚುಚ್ಚುಮದ್ದು. ಒಂದು ಸೀಸೆ ತೆರೆದರೆ ಕನಿಷ್ಠ ನೂರು ಕೋಳಿಗಾಗುವಷ್ಟು ಮದ್ದು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿ ತಂದವರು ಉಳಿದ ತೊಂಬತ್ತು ಹನಿಯನ್ನು ಯಾರ ಕಣ್ಣಿಗೆ ಬಿಡಬೇಕು?

ಕಾವಿಗೆ ಕೂತ ಹೇಂಟೆ ಮನೆಯಲ್ಲಿದ್ದರೆ ಮಾತು ಬೇರೆ. ಕತ್ತಲಾದ ಮೇಲೆ ಒಂದು ದಿನದ ಮರಿಗಳನ್ನು ಮೆಲ್ಲಗೆ ಅದರ ರೆಕ್ಕೆಯಡಿಗೆ ಸರಿಸಿದರೆ, ಹೆಚ್ಚಿನ ಹೇಂಟೆಗಳು ಬೆಳಗಾಗುವಾಗ ಅವನ್ನು ತನ್ನವೆಂದೇ ಒಪ್ಪಿಕೊಂಡಿರುತ್ತವೆ. ಆದರೆ ಹೊಸಬರ ಬಳಿ ಕಾವಿನ ಹೇಂಟೆ ಎಲ್ಲಿಂದ ಬರಬೇಕು? ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳ ಸುದ್ದಿಯೇ ಬೇಡ. ಅವು ಸಾಮಾನ್ಯವಾಗಿ ಮೊಟ್ಟೆ ಕೋಳಿಯ ಹ್ಯಾಚರಿಗಳು ಬೇಡವೆಂದು ಬಿಟ್ಟ ಗಂಡು ಮರಿಗಳು.

ಇನ್ನು ಕೆಲವರಿಗೆ ನಾಳೆಯೇ ಮೊಟ್ಟೆ ಬೇಕು. ಫಾರ್ಮಿನವರು ಮೊಟ್ಟೆ ಕೋಳಿಗಳನ್ನು ಸುಮಾರು 72 ವಾರಕ್ಕೆ ಮಾರಿ ಕೈತೊಳೆದುಕೊಳ್ಳುತ್ತಾರೆ. ಕೋಳಿ ಸುಕ್ಕದ ಅಡುಗೆಗೆ ಹೋಗಬೇಕಾದ ಅಂಥ ಕೋಳಿ ‘ಈಗಷ್ಟೇ ಮೊಟ್ಟೆಗೆ ಬಂದದ್ದು’ ಎಂಬ ಮಾತಿನೊಡನೆ ಹೊಸಬರ ಕೈ ಸೇರುವುದುಂಟು. ಆದ್ದರಿಂದ ಬುಟ್ಟಿಯಿಂದ ಎತ್ತಿ ನೋಡಬೇಕು. ಎಳೆಯ ಕೋಳಿಯ ಎದೆಮೂಳೆಯ ಹಿಂತುದಿ ಬೆರಳಿನಿಂದ ಒತ್ತಿದರೆ ಬಾಗುತ್ತದೆ, ಬಲಿತದ್ದು ಜಗ್ಗುವುದಿಲ್ಲ. ಎಳೆಯದರ ಕಾಲಿನ ಪೊರೆ ನುಣುಪು, ಮುದಿಯದರದ್ದು ಒರಟು. ಹಳದಿ ಕಾಲಿನ ತಳಿಯಾದರೆ ಇನ್ನೂ ಮೊಟ್ಟೆಯಿಡದ ಕೋಳಿಯ ಕಾಲು ಗಾಢ ಹಳದಿಯಾಗಿರುತ್ತದೆ, ತಿಂಗಳುಗಟ್ಟಲೆ ಇಟ್ಟದ್ದರ ಕಾಲು ಬಿಳಿಚಿಕೊಂಡಿರುತ್ತದೆ. ಬಾಲದ ಕೆಳಗಿನ ಎರಡು ಸಣ್ಣ ಮೂಳೆಗಳ ನಡುವೆ ಎರಡು ಬೆರಳು ಹಿಡಿಸಿದರೆ ಸದ್ಯ ಮೊಟ್ಟೆಯಿಡುತ್ತಿದೆ ಎಂದು ತಿಳಿಯಬಹುದು. ಇಷ್ಟು ನೋಡಲು ಬಿಡದ ವ್ಯಾಪಾರಿಗೆ ದೂರದಿಂದಲೇ ನಮಸ್ಕಾರ. ಒಳ್ಳೆಯ ಹೇಂಟೆಯೇ ಸಿಕ್ಕಿತೆಂದುಕೊಳ್ಳಿ. ರಿಕ್ಷಾದಲ್ಲಿ ಕುಲುಕಾಡಿ ಹೊಸ ಗೂಡಿಗೆ ಬಂದ ಅದು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಮೊಟ್ಟೆ ನಿಲ್ಲಿಸುತ್ತದೆ. ‘ಟೀಚರ್, ಮೋಸ ಹೋದೆವು’ ಎಂಬ ಫೋನ್ ನನಗೆ ಬರುವುದು ಆಗಲೇ.

ಆರು ವಾರ ದಾಟಿದ ಮರಿಗೆ ಗರಿ ತುಂಬಿರುತ್ತದೆ, ಬಲ್ಬು ಬೇಡ. ಊರ ತಳಿಯಲ್ಲಿ ಗಂಡಿನ ಜುಟ್ಟು ಆ ಹೊತ್ತಿಗೆ ಕೆಂಪಾಗಿ ಎದ್ದಿರುವುದರಿಂದ ಹೆಣ್ಣುಮರಿಗಳನ್ನು ಆರಿಸಿಕೊಳ್ಳಬಹುದು. ಮೊಟ್ಟೆಗಾಗಿ ಮಾತ್ರವಾದರೆ ಹುಂಜ ಬೇಕಾಗಿಯೇ ಇಲ್ಲ, ಬೆಳಗಿನ ಕೂಗು ಕೇಳಬೇಕೆಂದಿದ್ದರೆ ಒಂದು ಸಾಕು. ಬೆಲೆ ಒಂದಷ್ಟು ಹೆಚ್ಚು, ಮೊಟ್ಟೆಗೆ ನಾಲ್ಕು ತಿಂಗಳು ಕಾಯಬೇಕು. ಆ ನಾಲ್ಕು ತಿಂಗಳಲ್ಲಿ ಅವು ಸಂಜೆ ತಾವಾಗಿಯೇ ಗೂಡು ಸೇರಲು ಕಲಿಯುತ್ತವೆ, ಸಾಕುವವರು ಮುಂಗುಸಿ ನುಗ್ಗದಂತೆ ಬಾಗಿಲು ಭದ್ರ ಮಾಡಲು ಕಲಿಯುತ್ತಾರೆ. ಎಲ್ಲವೂ ಒಂದೇ ವಯಸ್ಸಿನವಾಗಿರಲಿ. ಇಲ್ಲದಿದ್ದರೆ ದೊಡ್ಡವು ಸಣ್ಣವನ್ನು ಕುಕ್ಕಿ ಗಾಯ ಮಾಡುತ್ತವೆ.

ಹಿತ್ತಲ ಕೋಳಿ ಸಾಕಣೆಗೆ ಕೇಂದ್ರ ಸರ್ಕಾರ ರೂಪಿಸಿದ ಯೋಜನೆಯಲ್ಲಿ, ಮರಿಗಳನ್ನು ತಾಯಿ ಘಟಕಗಳಲ್ಲಿ ನಾಲ್ಕು ವಾರ ಸಾಕಿ ಆಮೇಲೆ ಹಂಚುವ ಕ್ರಮವಿದೆ. ನಮ್ಮ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಇಂಥ ಘಟಕ ನಡೆಸಲು ನೆರವು ಸಿಗಲಿ. ಇಲ್ಲಿಯ ಮಳೆಗೆ ನಾಲ್ಕರ ಬದಲು ಆರು ವಾರ ಇಟ್ಟುಕೊಂಡು, ಚೌತಿ ಕಳೆದ ಮೇಲೆ ಮಾರಲಿ. ಮರಿಯ ಜೊತೆಗೆ ಮೊಟ್ಟೆಯೊಡೆದ ದಿನಾಂಕವನ್ನೂ ಹಾಕಿದ ಲಸಿಕೆಗಳನ್ನೂ ಬರೆದ ಒಂದು ಚೀಟಿ ಕೊಡಲಿ. ಎಂಟನೇ ವಾರದ ಚುಚ್ಚುಮದ್ದಿಗೆ ಪಶುಪಾಲನಾ ಇಲಾಖೆಯವರು ಪಂಚಾಯತ್ ವಾರ್ಡಿಗೊಂದು ದಿನ ಗೊತ್ತುಮಾಡಿ ತಾವೇ ಮನೆಮನೆಗೆ ಬರುವುದು ಒಳ್ಳೆಯದು. ಕೋಳಿಗಳನ್ನೆಲ್ಲ ಒಂದೆಡೆ ತಂದು ಸೇರಿಸಿದರೆ ರೋಗವನ್ನೂ ಹಂಚಿಕೊಂಡು ಹೋಗುತ್ತವೆ. ಮನೆಮನೆಗೆ ಬಂದರೆ, ನಾಲ್ಕೈದು ಕೋಳಿಗಳಿರುವ ಇಪ್ಪತ್ತು ಮನೆಗಳಿಗೆ ಒಂದೇ ಸೀಸೆ ಸಾಕಾದೀತು.

– ನಿವೃತ್ತ ಶಾಲಾ ಶಿಕ್ಷಕಿ, ಹಿರಿಯಡ್ಕ, ಉಡುಪಿ