ನಾಲಗೆಯಡಿಯ ತಗಡು

ಗೆಳೆಯಾ,

ರಾಹೇಲಳು ಅಪ್ಪ ಲಾಬಾನನ ಮನೆದೇವರುಗಳನ್ನು ಯಾಕೆ ಕದ್ದಳು ಎಂದು ಕೇಳಿದ್ದೀಯ. ಬೈಬಲಿನ ಆದಿಕಾಂಡ 31ರಲ್ಲಿ ಕಾರಣವಿಲ್ಲ. ಕದ್ದಳು, ಒಂಟೆಯ ತಡಿಯೊಳಗಿಟ್ಟು ಮೇಲೆ ಕೂತಳು, ಅಷ್ಟೇ. ಕಾರಣ ಸಿಗುವುದು ಮಿದ್ರಾಶ್‌ನಲ್ಲಿ, ಅಂದರೆ ಮೂಲದ ಸಂದುಗಳನ್ನು ತುಂಬುತ್ತ ಯೆಹೂದಿ ರಬ್ಬಿಗಳು ಹೇಳಿದ ಕಥೆಗಳಲ್ಲಿ. ಹೀಬ್ರೂವಿನಲ್ಲಿ ತೆರಾಫೀಮ್ ಎನ್ನುವ ಆ ಮನೆದೇವರುಗಳಿಗೆ ಮಾತು ಬರುತ್ತಿತ್ತಂತೆ. ತನ್ನ ಗಂಡ ಯಾಕೋಬ ಓಡಿಹೋದದ್ದನ್ನು ಲಾಬಾನನಿಗೆ ಹೇಳಿಬಿಟ್ಟಾವು ಎಂದು ಕದ್ದಳು.

ಅವನ್ನು ಮಾಡುವ ಬಗೆ 'ಪಿರ್ಕೆ ದೆ-ರಬ್ಬಿ ಎಲಿಯೇಜರ್' ಎಂಬ ಮಿದ್ರಾಶ್ ಗ್ರಂಥದ 36ನೇ ಅಧ್ಯಾಯದಲ್ಲಿದೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಚೊಚ್ಚಲ ಮಗನಾಗಿ ಹುಟ್ಟಿದವನನ್ನು ಕೊಂದು, ತಲೆ ತೆಗೆದು, ಉಪ್ಪು ಹಾಕುತ್ತಾರೆ. ಚಿನ್ನದ ತಗಡಿನ ಮೇಲೆ ಅಶುದ್ಧ ಶಕ್ತಿಯೊಂದರ ಹೆಸರು ಬರೆದು ನಾಲಗೆಯಡಿ ಇಡುತ್ತಾರೆ. ತಲೆಯನ್ನು ಗೋಡೆಯಲ್ಲಿಟ್ಟು, ದೀಪ ಹಚ್ಚಿ, ಅಡ್ಡಬೀಳುತ್ತಾರೆ. ಆಗ ಅದು ಮಾತಾಡುತ್ತದೆ. ಬೈಬಲಿನ ಅರಮಾಯಿಕ್ ಅನುವಾದವೊಂದು ಉಪ್ಪಿನ ಜೊತೆ ಸಂಬಾರವನ್ನೂ ಸೇರಿಸುತ್ತದೆ. ಇಷ್ಟಕ್ಕೂ ಆಧಾರ ಜೆಕರ್ಯ 10:2. ತೆರಾಫೀಮ್‌ಗಳು ಸುಳ್ಳು 'ನುಡಿದವು' ಎನ್ನುತ್ತದೆ ಅದು. ನುಡಿಯಬೇಕಾದರೆ ಬಾಯಿ ಬೇಕಲ್ಲ!

ಉಪ್ಪು ತಲೆಯನ್ನು ಕೊಳೆಯದಂತೆ ಕಾಯುತ್ತದೆ. ಮಾತು ಕೊಡುವುದು ತಗಡಿನ ಅಕ್ಷರ. ಮೋಶೆ ಬೆಟ್ಟದ ಮೇಲಿದ್ದಾಗ ಇಸ್ರಾಯೇಲರು ಪೂಜಿಸಿದ ಚಿನ್ನದ ಕರುವಿನ ಕಥೆಯಲ್ಲೂ ಇಂಥದೇ ತಗಡು. ವಿಮೋಚನಕಾಂಡ 32:4ರಲ್ಲಿ ಮೋಶೆಯ ಅಣ್ಣ ಆರೋನ ಉಳಿ ಹಿಡಿದು ರೂಪ ಕೊಡುತ್ತಾನೆ. 32:24ರಲ್ಲಿ ಅವನೇ, 'ಬೆಂಕಿಗೆ ಹಾಕಿದೆ, ಈ ಕರು ಹೊರಬಂತು' ಎನ್ನುತ್ತಾನೆ. ರಬ್ಬಿಗಳು ಎರಡನೆಯ ಮಾತನ್ನೇ ನಂಬಿದರು. ಈಜಿಪ್ಟ್ ಬಿಡುವಾಗ, ನೈಲ್ ನದಿಯಲ್ಲಿ ಮುಳುಗಿದ್ದ ರಾಹೇಲಳ ಮಗ ಯೋಸೇಫನ ಶವಪೆಟ್ಟಿಗೆಯನ್ನು ಎತ್ತಲು ಮೋಶೆ ತಗಡಿನಲ್ಲಿ 'ಅಲೇ ಶೋರ್', 'ಎದ್ದು ಬಾ, ಎತ್ತೇ' ಎಂದು ಬರೆದಿದ್ದ. ಯೋಸೇಫನಿಗೆ ಎತ್ತಿನ ಹೋಲಿಕೆ ಧರ್ಮೋಪದೇಶಕಾಂಡ 33:17ರಲ್ಲಿದೆ. ಮೀಕ ಎಂಬವನು ಆ ತಗಡನ್ನು ಕುಲುಮೆಗೆ ಎಸೆದ. ಅಲ್ಲಿ ಯೋಸೇಫನಿಲ್ಲ, ಕರಗಿದ ಚಿನ್ನವಿದೆ. ಅಕ್ಷರ ಹೇಳಿದ್ದನ್ನೇ ಮಾಡಿತು, ಕರು ಎದ್ದು ಬಂತು. ಈ ಕಥೆಗಳಲ್ಲೆಲ್ಲ ನನಗೆ ಅತಿ ಭಯಂಕರವೆನಿಸುವುದು ಇದೇ: ಮಂತ್ರ ತಪ್ಪಲಿಲ್ಲ, ಇಟ್ಟ ಜಾಗ ತಪ್ಪಿತು.

ಮುಂದೆ ಇಸ್ರಾಯೇಲಿನ ಅರಸ ಯಾರೊಬ್ಬಾಮ ನಿಲ್ಲಿಸಿದ ಚಿನ್ನದ ಕರುವಿನ ಬಗ್ಗೆ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನಲ್ಲಿ (ಸೋಟಾ 47) ಎರಡು ಮತ: ಪ್ರವಾದಿ ಎಲೀಷನ ಸೇವಕ ಗೇಹಜಿ ಅಯಸ್ಕಾಂತದಿಂದ ಅದನ್ನು ಗಾಳಿಯಲ್ಲಿ ತೇಲಿಸಿದ, ಅಲ್ಲ, ಬಾಯಲ್ಲಿ ದೇವರ ಹೆಸರು ಕೆತ್ತಿದ.

ಇಂಥ ಮಂತ್ರವನ್ನು ಬಿಡಿಸುವ ದಾರಿಯೂ ಇದೆ. ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ 60 ಮೊಳದ ಪ್ರತಿಮೆ ಮಾತಾಡಲೆಂದು ಅದರ ಬಾಯಲ್ಲಿ ದೇವರ ಹೆಸರು ಕೆತ್ತಿದ್ದ, ಯೆಹೂದಿ ಮಹಾಯಾಜಕನ ಹಣೆಪಟ್ಟಿ ಇಟ್ಟಿದ್ದರು. ಮುದ್ದಿಡುವ ನೆಪದಲ್ಲಿ ಮೇಲೇರಿದ ಪ್ರವಾದಿ ದಾನಿಯೇಲ ಆ ಪಟ್ಟಿಗೆ ಆಣೆಯಿಟ್ಟು ಹೊರಗೆಳೆದ. ಆಮೇಲೆ ಎಷ್ಟು ವಾದ್ಯ ಬಾರಿಸಿದರೂ ಪ್ರತಿಮೆ ಉಸಿರೆತ್ತಲಿಲ್ಲ.

ನಿನ್ನ ಗೆಳೆಯ