ಆ ಮರದ ಜೋಡು ಎಸೆದವರು ಯಾರು?

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಪೂರ್ತಿ ಓದಿದೆ. ಫ್ರೆಂಚ್‌ನಿಂದ ಇಂಗ್ಲಿಷಿಗೆ ಹೋದ ಮಾತುಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಒಬ್ಬ ಹುಡುಗ ಕೂತಿದ್ದಾನಲ್ಲ ಅಂತಲೇ ಖುಷಿಯಾಯಿತು. ಜೊತೆಗಿದ್ದ ಚೀಟಿ ಓದಿ ಬೇಜಾರೂ ಆಯಿತು. ಮೂರನೇ ಅಧ್ಯಾಯ ಬಿಟ್ಟು ಉಳಿದದ್ದೆಲ್ಲ ಸಪ್ಪೆ ಅಂತ ಗೆಳೆಯರು ಅಂದರಂತೆ, ನೀನು ಎಲ್ಲ ಒಲೆಗೆ ಹಾಕುತ್ತೀಯಂತೆ. ಹಾಕಬೇಡ ಮಾರಾಯ. ಹಾಕಲೇಬೇಕು ಅಂದರೆ ಆ ಮೂರನೇ ಅಧ್ಯಾಯವನ್ನೇ ಹಾಕು.

ಪ್ರಕಾಶಕರು, ಮುನ್ನುಡಿ, ಪುಟದ ಲೆಕ್ಕ ಇದನ್ನೆಲ್ಲ ಗೊತ್ತಿದ್ದವರ ಹತ್ತಿರ ಕೇಳಿಕೋ. ನನ್ನ ತಕರಾರು ಒಂದೇ. ಕಥೆ ಚೆನ್ನಾಗಿದ್ದರೆ ಸಾಕು, ನೀನು ನಂಬಿಬಿಡುತ್ತೀಯ.

ಆ ಅಧ್ಯಾಯದ ಸಬೋಟಾಜ್ ತಗೋ, ಬೇಕೆಂದೇ ಕೆಲಸ ಕೆಡಿಸುವುದಕ್ಕೆ ಹೇಳುವ ಮಾತು. ಫ್ರೆಂಚ್ ಕಾರ್ಮಿಕರು ಸಿಟ್ಟಿನಲ್ಲಿ ತಮ್ಮ ಸಾಬೋ, ಅಂದರೆ ಮರದ ಜೋಡು, ಕಳಚಿ ಮಗ್ಗದೊಳಗೆ ಎಸೆದರು, ಪದ ಹುಟ್ಟಿತು ಅಂತ ಬರೆದಿದ್ದೀಯ. ಯಾವ ಊರಿನ ಗಿರಣಿ? ನೋಡಿದವರು ಯಾರು? ಪುರಾವೆ ಇಲ್ಲ. ಸಾಬೋಟೆ ಅಂದರೆ ಮೊದಲು ಮರದ ಜೋಡಿನಲ್ಲಿ ಟಕಟಕ ಸದ್ದು ಮಾಡುವುದು. ಆಮೇಲೆ ಕೆಲಸ ಅಡ್ಡಾದಿಡ್ಡಿ ಮಾಡಿ ಕೆಡಿಸುವುದು ಅಂತಲೂ ಆಯಿತು. 1897ರಲ್ಲಿ ಫ್ರಾನ್ಸಿನ ತುಲೂಸ್‌ನ ಕಾರ್ಮಿಕ ಸಮ್ಮೇಳನದಲ್ಲಿ ಎಮಿಲ್ ಪುಜೆಯಂಥ ಕಾರ್ಮಿಕ ಮುಖಂಡರು ಇದನ್ನೇ ಹೋರಾಟದ ದಾರಿ ಮಾಡಿಕೊಂಡರು. ಕೆಟ್ಟ ಕೂಲಿಗೆ ಕೆಟ್ಟ ಕೆಲಸ. ಹೊತ್ತಿಗೆ ಸರಿಯಾಗಿ ಬಂದು, ಯಜಮಾನನ ಕಣ್ಣೆದುರೇ ನಿಧಾನಕ್ಕೆ, ಕಳಪೆಯಾಗಿ ದುಡಿಯುವುದು! ಎಸೆದ ಜೋಡಿಗಿಂತ ಇದರಲ್ಲೇ ಖಾರ ಜಾಸ್ತಿ, ಅಲ್ವಾ?

ಜಾಮಿನಂಥ ಹಣ್ಣಿನ ಸಿಹಿ ಮಾರ್ಮಲೇಡ್ ವಿಷಯವೂ ಅಷ್ಟೇ. ಸ್ಕಾಟ್‌ಲೆಂಡಿನ ರಾಣಿ ಮೇರಿಗೆ ಹುಷಾರಿಲ್ಲದಾಗ ತಿನ್ನಿಸಿದ್ದು, ಹಾಗಾಗಿ 'ಮಾರಿ ಮಲಾದ್', ಅಂದರೆ ಕಾಯಿಲೆಯ ಮೇರಿ, ಅಂತೀಯ. ಮೇರಿ ಹುಟ್ಟಿದ್ದು 1542ರಲ್ಲಿ. ಇಂಗ್ಲಿಷಿನಲ್ಲಿ ಆ ಪದ ಅದಕ್ಕೂ ಮೊದಲೇ ಇತ್ತು. ಫ್ರೆಂಚ್ ದಾಟಿ ಬಂದದ್ದು ನಿಜ, ಆದರೆ ಬೇರು ಪೋರ್ಚುಗೀಸರ ಮಾರ್ಮೆಲು, ಅಂದರೆ ಕ್ವಿನ್ಸ್ ಹಣ್ಣಿನಲ್ಲಿದೆ. ಇಸವಿ ನೋಡಲು ಎಷ್ಟು ಹೊತ್ತು ಬೇಕಿತ್ತು? ಟೆನಿಸ್‌ನಲ್ಲಿ ಸೊನ್ನೆಗೆ ಹೇಳುವ 'ಲವ್', ಮೊಟ್ಟೆಗೆ ಫ್ರೆಂಚರು ಹೇಳುವ ಪದದಿಂದ ಬಂತು ಅನ್ನುವುದಕ್ಕೂ, ಸೊನ್ನೆ ಗುಂಡಗಿದೆ ಅನ್ನುವುದು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಹಿಂದೆ ಒಂದು ವಾರಪತ್ರಿಕೆಗೆ ನಾನೂ ಇಂಥದೇ ಅಂಕಣ ಬರೆಯುತ್ತಿದ್ದೆ. 'ಇರಬಹುದು' ಅಂತ ಬರೆದಲ್ಲೆಲ್ಲ ಸಂಪಾದಕರು ಕೆಂಪು ಗೀಟು ಎಳೆಯುತ್ತಿದ್ದರು. ಓದುಗರಿಗೆ ಅನುಮಾನ ಬೇಡ ಸ್ವಾಮಿ, ಮಜಾ ಬೇಕು ಅನ್ನುತ್ತಿದ್ದರು. ಜಗಳವಾಗಿ ಅಂಕಣ ನಿಂತಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನ ಮೇಲೆ ರೇಗಾಡುವುದರಲ್ಲಿ ಅದರ ಪಾಲೂ ಇದೆ.

ಇನ್ನು ಗೆಳೆಯರು ಸಪ್ಪೆ ಅಂದ ಐದನೇ ಅಧ್ಯಾಯ. ವಿಮಾನ ಅಪಾಯದಲ್ಲಿದ್ದಾಗ ರೇಡಿಯೋದಲ್ಲಿ ಕೂಗುವ ಮೇಡೇ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದೀಯ! 1920ರ ದಶಕ, ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣ. ಹೆಚ್ಚಿನ ವಿಮಾನಗಳು ಪ್ಯಾರಿಸ್ಸಿನ ಲ ಬೂರ್ಜೆ ನಿಲ್ದಾಣಕ್ಕೆ ಹೋಗಿ ಬರುತ್ತವೆ. ಅಪಾಯದಲ್ಲಿ ಕೂಗಲು ಇಂಗ್ಲಿಷರಿಗೂ ಫ್ರೆಂಚರಿಗೂ ತಿಳಿಯುವ ಒಂದು ಪದ ಬೇಕು. ರೇಡಿಯೋ ಅಧಿಕಾರಿ ಮಾಕ್‌ಫರ್ಡ್, ನನಗೆ ನೆರವಾಗಿ ಅನ್ನುವ ಫ್ರೆಂಚಿನ 'ಮೇದೆ'ಯನ್ನು ಎತ್ತಿಕೊಂಡು ಮೇಡೇ ಮಾಡುತ್ತಾರೆ. 1927ರಲ್ಲಿ ವಾಷಿಂಗ್ಟನ್ನಿನ ರೇಡಿಯೋ ಒಪ್ಪಂದದಲ್ಲಿ ಅದಕ್ಕೆ ಮುದ್ರೆ ಬೀಳುತ್ತದೆ. ಇದರಲ್ಲಿ ಒಂದು ಅಕ್ಷರವೂ ಮುಟ್ಟಬೇಡ.

ತಪ್ಪಿತಸ್ಥ ಅನ್ನುವ ಅರ್ಥದ ಕಲ್‌ಪ್ರಿಟ್ ಅನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ, ಅನ್ಯಾಯ. ಫ್ರಾನ್ಸಿನ ಕಡೆಯಿಂದ ನಾರ್ಮನ್ನರು 1066ರಲ್ಲಿ ಬಂದು ಗೆದ್ದ ಮೇಲೆ ಇಂಗ್ಲೆಂಡಿನ ಕೋರ್ಟುಗಳಲ್ಲಿ ಫ್ರೆಂಚ್ ಬೇರುಬಿಟ್ಟಿತ್ತು. ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯಲಿ ಅಂತ 1362ರಲ್ಲಿ ಕಾನೂನು ಮಾಡಿದರು. ಆ ಕಾನೂನನ್ನೂ ಫ್ರೆಂಚಿನಲ್ಲೇ ಬರೆದರು! ಆರೋಪಿ 'ತಪ್ಪು ಮಾಡಿಲ್ಲ' ಅಂದರೆ, ಗುಮಾಸ್ತ ಫ್ರೆಂಚಿನಲ್ಲಿ 'ತಪ್ಪಿತಸ್ಥ, ರುಜುವಾತಿಗೆ ಸಿದ್ಧ' ಅನ್ನುತ್ತಿದ್ದ. ಕಡತದಲ್ಲಿ ಆ ಫ್ರೆಂಚ್ ಮಾತು 'ಕಲ್. ಪ್ರಿಟ್' ಅಂತ ಚಿಕ್ಕದಾಯಿತು. ಮುಂದೆ ಯಾರೋ ಅದನ್ನು ಕೂಡಿಸಿ ಓದಿ ಆರೋಪಿಯನ್ನೇ ಹಾಗೆ ಕರೆದಿರಬೇಕು. ನಿಘಂಟುಗಳೂ ಇಲ್ಲಿ 'ಇರಬಹುದು' ಅಂತಲೇ ಹೇಳುತ್ತವೆ. ನೀನೂ ಹಾಗೇ ಬರೆ. ಯಾವ ಸಂಪಾದಕರು ಹೊಡೆದುಹಾಕುತ್ತಾರೋ ನನಗೆ ಹೇಳು, ನಾನು ಮಾತಾಡುತ್ತೇನೆ.

ಮೂರನೇ ಅಧ್ಯಾಯ ತಿದ್ದಿ ಕಳಿಸು. ಮಾರ್ಮಲೇಡ್ ಹಾಗೇ ಇದ್ದರೆ ಸುಮ್ನೆ ಅಂಚೆ ಖರ್ಚು ಮಾಡಬೇಡ.

ಇಂತಿ,
ನಿನ್ನ ಅಣ್ಣ