ಗಂಧರ್ವ ರಂಗಮಂದಿರದ ಮುಂದ ಚಾ ಕುಡಿಯೂ ಮುಂದ

ದೋಸ್ತಾ,

ಹೋದ ವಾರ ಫೋನಿನ್ಯಾಗ ನೀ ಒಂದ ಮಾತ ಅಂದಿ, ಪುಣೇಕ್ಕ ಬಂದಮ್ಯಾಲೆ ಪದಾನ ಹುಟ್ಟವಲ್ದು, ಊರಾಗ ಇದ್ದಿದ್ರ ಹುಟ್ಟತಿತ್ತು ಅಂತ. ನಾ ಸುಮ್ನ ಹೂಂ ಅಂದ್ನಿ, ಯಾಕಂದ್ರ ಈ ಕಡೆ ಕುಕ್ಕರ ಸೀಟಿ ಹೊಡ್ಯಾಕತ್ತಿತ್ತು, ಮಗಳ ಹೋಂವರ್ಕ್ ಬ್ಯಾರೆ ಬಾಕಿ ಇತ್ತು. ಆದ್ರ ಮಾತು ತಲ್ಯಾಗ ಉಳೀತು ನೋಡು, ಅದಕ್ಕ ಬರ್ಯಾಕ ಕುಂತೇನಿ. ಫೇಸ್‌ಬುಕ್ಕಿನ್ಯಾಗೂ ಹಾಕತೇನಿ, ಬೈಬ್ಯಾಡ, ನಿನ್ನ ಹೆಸರ ಎಲ್ಲೂ ಬರ್ದಿಲ್ಲ.

ಶನಿವಾರ ಮಗಳ ಸಾಲಿ ಗ್ಯಾದರಿಂಗ್ ಇತ್ತು, ನಮ್ಮ ಬೆಳಗಾವಿ ನೆಹರೂ ನಗರದ ಕುಮಾರ ಗಂಧರ್ವ ರಂಗಮಂದಿರದಾಗ. ಮೇಕಪ್ಪಿಗೆ ಎರಡ ತಾಸ ಮೊದ್ಲ ಬಿಡ್ರಿ ಅಂದಿದ್ರು, ಬಿಟ್ಟು ಹೊರಗ ಚಾ ಕುಡಕೋತ ನಿಂತಿದ್ನಿ. ಬಾಜೂಕ ಒಬ್ಬ ವಯಸ್ಸಾದ ಆಟೋದಾಂವ ಇದ್ದ, ಸುಮ್ನ ಮಾತಿಗಂತ ಕೇಳಿದ್ನಿ, ಕಾಕಾ ಈ ಕುಮಾರ ಗಂಧರ್ವ ಅಂದ್ರ ಯಾರ್ರಿ ಅಂತ. "ನಾಟಕದಾಗ ಹೆಣ್ಣಿನ ಪಾರ್ಟ್ ಮಾಡತಿದ್ರಲ್ರಿ, ಅವ್ರ" ಅಂದ. ಅವ್ರು ಬಾಲಗಂಧರ್ವ, ಮರಾಠಿ ನಾಟಕದ ನಟ! ಕುಮಾರ ಗಂಧರ್ವ ಅಂದ್ರ ಹಿಂದೂಸ್ತಾನಿ ಹಾಡುಗಾರ. ನಗು ಬಂತು, ಬೆನ್ನಿಗೇ ನಾಚಿಕಿನೂ ಬಂತು. ಇಪ್ಪತ್ತ ವರ್ಷ ನಾನೂ ನೀನೂ "ಗಂಧರ್ವದ ಕಡೆ ಬಾ" ಅಂತ ಅಡ್ರೆಸ್ ಹೇಳಕೋತ ಬಂದೀವಿ, ನಂಗರ ಎಷ್ಟ ಗೊತ್ತಿತ್ತು, ಯೂಟ್ಯೂಬಿನ್ಯಾಗ ಎರಡ ಕಬೀರನ ಭಜನ ಕೇಳಿದ್ನಿ, ಅಷ್ಟ.

ರವಿವಾರ ಗಾಡಿ ತಗೊಂಡು ಸುಳೇಭಾವಿಗೆ ಹೋದ್ನಿ. ಸಾಂಬ್ರಾ ದಾಟಿ ಸ್ವಲ್ಪ ಮುಂದ ಹೋದ್ರ ಬಂತು, ಮಹಾಲಕ್ಷ್ಮಿ ಜಾತ್ರಿಗೆ ಎಷ್ಟ ಸಲ ಹೋಗೇವಲ್ಲ. ಓಣ್ಯಾಗ ಮಗ್ಗದ ಸಪ್ಪಳ, ಕಟಕಟಾ ಕಟಕಟಾ, ಒಂದ ಮನಿದು ಜೋರ, ಇನ್ನೊಂದ ಮನಿದು ಸಾವಕಾಶ. ಈ ಊರಾಗ 1924ರ ಏಪ್ರಿಲ್ 8ಕ್ಕ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಅನ್ನೋ ಕೂಸು ಹುಟ್ಟಿತು, ಅಚ್ಚ ಕನ್ನಡದ ಮನಿ. ಆರೇಳು ವಯಸ್ಸಿನ್ಯಾಗ, ಯಾರೂ ಕೂಡಿಸಿಕೊಂಡು ಕಲಿಸಿಲ್ಲ, ಗ್ರಾಮಫೋನ್ ಪ್ಲೇಟು ಕೇಳಿ ಆಗಿನ ದೊಡ್ಡ ಹಾಡುಗಾರ ಅಬ್ದುಲ್ ಕರೀಂ ಖಾನರ ಹಾಡಿಕಿ ಹಂಗ ಹಂಗ ಹೊರಗ ಹಾಕತಿತ್ತಂತ. ಕೇಳಿದ ಒಬ್ರು ಸ್ವಾಮಿಗೋಳು ಕುಮಾರ ಗಂಧರ್ವ ಅಂತ ಹೆಸರ ಕೊಟ್ರು, ಹಡದವರು ಇಟ್ಟ ಹೆಸರ ಹಿಂದ ಬಿತ್ತು. (ಅವರ ಮಗ ಮುಕುಲ, ಆತನೂ ದೊಡ್ಡ ಹಾಡುಗಾರ, ಮುಕುಲ ಶಿವಪುತ್ರ ಅಂತನ ಹೆಸರ ಹಚ್ಚಿಕೊಂಡಾನ, ಕೇಳಿ ಖುಷಿ ಆತು ನಂಗ.) ಹನ್ನೊಂದ ವಯಸ್ಸಿನ ಸುಮಾರಿಗೆ ಹುಡುಗನ್ನ ಹಾಡ ಕಲಿಯಾಕ ಮುಂಬೈಕ್ಕ ಬಿ. ಆರ್. ದೇವಧರ ಅವರ ಹತ್ರ ಕಳಿಸಿದ್ರು, ಅವರ ಮೂಲ ಮಿರಜ, ಅಂದ್ರ ನಮ್ಮ ನೆರಿ ಊರಾಂವ್ರ.

ಇಲ್ಲೀತನಕ ಇದು ಜಾಣ ಹುಡುಗನ ಕಥಿ. ನಾ ನಿಂಗ ಹೇಳಬೇಕಂದಿದ್ದು ಮುಂದಿನದು.

1947ರಾಗ ಮದುವಿ ಆತು, ಭಾನುಮತಿ ಅಂತ, ದೇವಧರ ಅವರ ಸಾಲಿಯೊಳಗ ಹಾಡ ಕಲಿಯಾಕ ಬಂದಾಕಿ. ಅದರ ಬೆನ್ನಿಗೇ ಕ್ಷಯ. ಒಣಾ ಹವಾ ಬೇಕಂತ ಮಧ್ಯಪ್ರದೇಶದ ದೇವಾಸಕ್ಕ ಹೋದ್ರು. ಹಾಡಬ್ಯಾಡ ಅಂದ್ರು ಡಾಕ್ಟರು. ಹೆಚ್ಚು ಕಡಿಮಿ ಆರ ವರ್ಷ, ದೋಸ್ತಾ, ದೇಶ ತುಂಬ ಹೆಸರ ಮಾಡಿದ ಹುಡುಗ ಹಾಸಿಗ್ಯಾಗ ಬಾಯಿ ಮುಚ್ಚಿಕೊಂಡು ಮಲಗಿದ್ದ. ಒಂದ ಪುಪ್ಪುಸ ಕೆಲಸಕ್ಕ ಬಾರದಂಗ ಆತು. ಕ್ಷಯ ಬಂದಿದ್ದ ಚಲೋ ಆತು, ಇಲ್ಲಂದ್ರ ಇಂಥಾ ಸಂಗೀತ ಸಿಗತಿರಲಿಲ್ಲ ಅಂತ ಕೆಲವರು ಬರೀತಾರಲ್ಲ, ಅವರನ್ನ ಕಂಡ್ರ ನಂಗ ಸಿಟ್ಟ ಬರತೈತಿ. ಆ ಆರ ವರ್ಷ ಭಾನುಮತಿ ಸಾಲಿ ನೌಕರಿ ಮಾಡಿ ಮನಿ ನಡಸಿದ್ಲು, ಔಷಧ ತಂದ್ಲು, ಅದನ್ನ ಒಂದ ಸಾಲಿನ್ಯಾಗ ಮುಗಸ್ತಾರ. 1961ರಾಗ ಎರಡನೇ ಹೆರಿಗಿ ಮುಂದ ತೀರಿಕೊಂಡ್ಲು ಆಕಿ.

ಮಲಕೊಂಡಾಂವ ಏನ್ ಮಾಡ್ಯಾನು, ಕೇಳತಾನ. ಕಿಟಕಿ ಹೊರಗ ದೇವಾಸ ಇರೋ ಮಾಳವಾ ಸೀಮಿ ಹೆಣಮಕ್ಕಳು ಮದುವಿಗೆ, ಅರಿಷಿಣಕ್ಕ, ಮಳಿ ಬಂದ್ರ, ಕೂಸು ಹುಟ್ಟಿದ್ರ ಹಾಡೋ ಹಾಡು, ಭಿಕ್ಷಾಕ್ಕ ಬರೋ ಜೋಗಿಗೋಳ ನಿರ್ಗುಣ ಪದ, ಅಂದ್ರ ರೂಪ ಇಲ್ಲದ ದೇವರ ಪದ. ಇವೆಲ್ಲಾ ನಾಕೈದ ಸ್ವರದ್ದು, ಅದಕ್ಕಿಂತ ಹೆಚ್ಚ ಬೇಕಾಗೂದಿಲ್ಲ. ಇಂಥಾ ಹಾಡಿನ ಧಾಟಿಗೆ ಧುನ್ ಅಂತಾರ, ನೂರಾರು ಧುನ್ ಕೂಡಿಸಿ ಬರಕೊಂಡ. ರಾಗ ಅನ್ನೂದು ಪುಸ್ತಕದಾಗ ಹುಟ್ಟಿಲ್ಲ, ಇಂಥಾ ಧುನ್ನಿನ ಹೊಟ್ಟ್ಯಾಗ ಕುಂತಿರತೈತಿ ಅಂತ ಆತನ ವಿಚಾರ. ಒಂದ ಧುನ್ ಹಿಡದು, ಅದು ಯಾವ ಸ್ವರದ ಮ್ಯಾಲೆ ನಿಲ್ಲತೈತಿ, ಯಾವುದನ್ನ ಸವರಿಕೊಂಡು ಹೋಗತೈತಿ, ಯಾವುದನ್ನ ಮುಟ್ಟೂದ ಇಲ್ಲ ನೋಡಿ, ಅದರೊಳಗಿಂದ ಹೊಸ ರಾಗ ತೆಗದ. ಅವಕ್ಕ ಧುನ್‌ಉಗಮ ರಾಗ ಅಂದ. ಮಾಲವತಿ, ಸಂಜಾರಿ, ಮಧಸುರಜಾ, ಲಗನಗಾಂಧಾರ, ಸಹೇಲಿ ತೋಡಿ, ಹೆಸರ ಕೇಳಿದ್ರನ ಹಾಡಿನಂಗ ಅದಾವ. ಇವಕ್ಕ ಬಂದಿಶ್, ಅಂದ್ರ ರಾಗದಾಗ ಕಟ್ಟಿದ ಹಾಡು, ಅದನ್ನ ಸೈತ ತಾನ ಬರದ, ಮಾತೂ ತಂದ, ಸ್ವರಾನೂ ತಂದ, ಸುಳೇಭಾವಿ ಕನ್ನಡದ ಬಾಯಿಯೊಳಗಿಂದ ಮಾಳವಿ ಮಾತು! 1965ರಾಗ "ಅನೂಪರಾಗವಿಲಾಸ" ಅಂತ ಪುಸ್ತಕ ಬಂತು, ಅದರಾಗ ಅದಾವ.

ಇದನ್ನ ಓದಿ ನಂಗ ತಡೀಲಿಲ್ಲ. ರಾತ್ರಿ ಅವ್ವಗ ಕಾಡಿಬೇಡಿ ಒಂದ ಬೀಸೂ ಪದ ಹಾಡಿಸಿದ್ನಿ. ಬೀಸೂ ಕಲ್ಲ ಮಾರಿ ಎಷ್ಟೋ ವರ್ಷ ಆದ್ರೂ ಆಕಿ ಬಲಗೈ ತನ್ನಷ್ಟಕ್ಕ ತಾನ ಸುತ್ತತಿತ್ತು ನೋಡು, ಕೈ ಮುಂದ ಹೋದಾಗ ಸಾಲ ಏರತೈತಿ, ಹೊಳ್ಳಿ ಬಂದಾಗ ಇಳಿತೈತಿ. ನಿನ್ನ ಹಾರ್ಮೋನಿಯಂ ಮ್ಯಾಲೆ ಹುಡುಕಿದ್ರ ಬರೇ ನಾಕ ಸ್ವರ, ಆದ್ರ ನಾಕನೇದ್ದು ಯಾವ ಪಟ್ಟಿಗೂ ಹೊಂದವಲ್ದು, ಎರಡ ಪಟ್ಟಿ ನಡಕ ಎಲ್ಲೋ ಕುಂದರತೈತಿ. "ಹಂಗಲ್ಲೋ, ಸ್ವಲ್ಪ ಕೆಳಗ" ಅಂತ ಅವ್ವ ನಂಗ ತಿದ್ದಾಕತ್ತಿದ್ಲು, ಸಂಗೀತ ಕಲತಾಕಿನಂಗ.

ಇನ್ನೊಂದು, ಆತ ಒಂದಕ್ಕ ಅಂಟಕೊಂಡ ಮನಿಷಾ ಅಲ್ಲ. ಮಳಿಗಾಲಕ್ಕ ಗೀತ ವರ್ಷಾ, ಚಳಿಗೆ ಗೀತ ಹೇಮಂತ, ಮತ್ತ ಗೀತ ವಸಂತ ಅಂತ ಋತುಕ್ಕೊಂದ ಕಾರ್ಯಕ್ರಮ ಕಟ್ಟಿದ, ಕಬೀರ, ಸೂರದಾಸ, ಮೀರಾ, ತುಕಾರಾಮ ಎಲ್ಲಾ ಹಾಡಿದ, ಗಾಂಧೀಜಿ ಹೆಸರಲೇ ಗಾಂಧಿ ಮಲ್ಹಾರ ಮಾಡಿದ, ವಾಣಿ ಜಯರಾಂ ಜೋಡಿ ಮರಾಠಿ ಡ್ಯುಯೆಟ್ಟೂ ಐತಿ. ಮತ್ತ ಕೇಳು, ಬಾಲಗಂಧರ್ವರ ನಾಟಕದ ಪದ ತಗೊಂಡು ನನಗ ತಿಳದ ಬಾಲಗಂಧರ್ವ ಅಂತ ಪೂರಾ ಒಂದ ಕಾರ್ಯಕ್ರಮಾನ ಮಾಡ್ಯಾನ. ಅಂದಮ್ಯಾಲೆ ಆ ಆಟೋ ಕಾಕಾ ಪೂರಾ ತಪ್ಪೇನ ಹೇಳಿರಲಿಲ್ಲ ಬಿಡು!

ಘರಾಣಾದವರು, ಅಂದ್ರ ಒಂದ ಗುರು-ಶಿಷ್ಯ ಪರಂಪರಾದ ಹಾಡಿಕಿ ಹಿಡದವರು, ಸಾಕಷ್ಟ ಬೈದ್ರು. ಒಂದ ಘರಾಣಾ ಹಿಡೀಲಿಲ್ಲ, ಹಳೇ ಪದ್ಧತಿ ಆಲಾಪ ಬಿಟ್ಟ, ತುಂಡ ತುಂಡ ಹಾಡತಾನ ಅಂತ. ಖರೆ ಹೇಳಲ್ಯಾ, ಖಯಾಲ, ಅಂದ್ರ ರಾಗ ಬೆಳಸಿ ಹಾಡೂ ಹಿಂದೂಸ್ತಾನಿ ಹಾಡಿಕಿ, ಕೇಳಬೇಕಂದ್ರ ನಾ ಇವತ್ತಿಗೂ ಮಲ್ಲಿಕಾರ್ಜುನ ಮನ್ಸೂರರನ್ನ ಹಚ್ಚತೇನಿ, ಕುಮಾರಜಿ ಕೆಲವೊಮ್ಮೆ ನಂಗ ಗಡಿಬಿಡಿ ಅನಸ್ತೈತಿ. ಆದ್ರ ಆ ತುಂಡಾಗೂ ದನಿ ಹಿಂದ ಒಂದ ಪುಪ್ಪುಸ ಐತಿ ಅನ್ನೂದು ನೆನಪಾದ್ರ ಬ್ಯಾರೆ ಕೇಳಸ್ತೈತಿ. ನಿರ್ಗುಣ ಭಜನ ಹಚ್ಚು, ಹೆಡ್‌ಫೋನ್ ಹಾಕ್ಕೊ, ಹಾಡೂ ಮೊದಲ ತಂಬೂರಿ ಕೇಳು. ತಂಬೂರಿ ಶ್ರುತಿ ಕೂಡಸೂದರಾಗ ಆತಗ ಹುಚ್ಚ ಇತ್ತಂತ. ಆ ಗುಂಯ್ ಒಳಗ ದನಿ ಯಾವಾಗ ಸೇರತು ಗೊತ್ತ ಆಗೂದಿಲ್ಲ, ಒಮ್ಮಿಂದೊಮ್ಮೆ ಎತ್ತರಕ್ಕ ಹೋಗಿ ಕಡದಂಗ ನಿಲ್ಲತೈತಿ, ಆ ಖಾಲಿ ಜಾಗಾದಾಗ ತಂಬೂರಿ ಅಷ್ಟ.

ಪದ್ಮವಿಭೂಷಣ ಬಂತು 1990ರಾಗ, 1992ರ ಜನವರಿ 12ಕ್ಕ ದೇವಾಸದಾಗನ ತೀರಿಕೊಂಡ. ಕಡೀತನಕ ಅಲ್ಲೇ ಇದ್ದ, ಈ ಕಡೆ ಹೊಳ್ಳಿ ಬಂದು ಮನಿ ಮಾಡಲಿಲ್ಲ.

ನೀ ಹಡಪ್ಸರದಾಗ ಇದ್ದೀದಿ. ಮುಂಜಾನೆ ಐದೂವರಿಗೆ ಕಂಪನಿ ಬಸ್ಸಿಗೆ ನಿಂತಾಗ ಬಾಜೂ ಬಿಲ್ಡಿಂಗಿನ ಮರಾಠವಾಡಾ ಕೂಲಿ ಹೆಣಮಕ್ಕಳು ಏನೋ ಗುಣಗುಣ ಅಂತಾರ ಅಂತ ನೀನ ಒಮ್ಮೆ ಹೇಳಿದ್ದಿ, ನಿದ್ದಿ ಕೆಡಸ್ತಾರ ಅಂತ ಬೈದಿದ್ದಿ. ಅವರು ಏನ್ ಹಾಡತಾರ ಅಂತ ನಾ ಕೇಳಿದ್ರ, ಯಾಂವಗೊತ್ತ ಅಂದಿ.

ಹಾರ್ಮೋನಿಯಂ ನಮ್ಮನ್ಯಾಗನ ಐತಿ, ಕಾಳಜಿ ಮಾಡಬ್ಯಾಡ. ತಿದಿ ಒಂದ ಮೂಲ್ಯಾಗ ಇಲಿ ಕಡದೈತಿ, ಸದ್ಯಕ್ಕ ಸೈಕಲ್ ಪಂಚರ್ ಪಟ್ಟಿ ಹಚ್ಚೇನಿ. ಕಾಳಿ ಎರಡು ಒತ್ತಿದ್ರ ಏಳವಲ್ದು, ಗಾಳಿ ಮುಗಿಯೂತನಕ ಒಂದ ಸವನ ಊದತೈತಿ, ಮಗಳಿಗೆ ಅದ ಮಜಾ, ಅದನ್ನೊತ್ತಿ ಬಿಟ್ಟು ಅದರ ಮ್ಯಾಲೆ ಗ್ಯಾದರಿಂಗಿನ ಹಾಡ ಹಾಡಕೋತ ಕುಂದರತಾಳ. ಗಣಪ್ಪನ ಹಬ್ಬಕ್ಕ ಬಂದಾಗ ಒಯ್ಯಿ. ಬರೂ ಮುಂದ ಚಿತಳೆ ಬಾಕರವಡಿ ಎರಡ ಪಾಕೀಟ ತಾ, ಅವ್ವ ಕೇಳ್ಯಾಳ.

ನಿನ್ನ ದೋಸ್ತ